ಲಾವಣಿಗೆ ಹಿಡಿದ ಬರಿ ತಂತಿ

ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿಯುವುದು ನನಗೆ ಗೊತ್ತು. ಹೊಲದವನು ಬರಿ ಮಣ್ಣು ಕೊಡುತ್ತಾನೆ. ಬೀಜ, ಗೊಬ್ಬರ, ಎತ್ತು, ಬೆವರು ಎಲ್ಲ ಹಿಡಿದವನದು. ಮದುವೆಗೆ ಹಂಡೆ ಬಾಡಿಗೆ ತರುವುದು ಗೊತ್ತು, ಮಂಟಪ ತರುವುದು ಗೊತ್ತು. ಬರಿ ತಂತಿಯನ್ನೂ ಹೀಗೆ ಹಿಡಿಯುತ್ತಾರೆ ಎಂಬುದು ಮಾತ್ರ ನನ್ನ ಸೊಸೆ ಹಾಲಿನ ಸೆಂಟರ್ ತೆಗೆಯುವ ತನಕ ಗೊತ್ತಿರಲಿಲ್ಲ. ತಾಮ್ರದ ಟೆಲಿಫೋನ್ ತಂತಿ, ಎರಡು ಎಳೆ. ಅದರಲ್ಲಿ ದನಿ ಇಲ್ಲ, ಅದಕ್ಕೆ ನಂಬರ್ ಇಲ್ಲ, ಅದು ಎಂದೂ ಗಂಟೆ ಬಾರಿಸುವುದಿಲ್ಲ. ಅಂಥದ್ದಕ್ಕೆ ಬಾಡಿಗೆ ಕೊಡುವವರು ಶಾಣ್ಯಾರೋ, ತೆಗೆದುಕೊಳ್ಳುವವರು ಶಾಣ್ಯಾರೋ ಎಂದು ನಾನು ಬಹಳ ದಿನ ತೂಗಿ ನೋಡಿದ್ದೇನೆ.

ನಮ್ಮದು ಜುಗೂಳದ ಆಚೀಚೆ, ಕೃಷ್ಣೆಯ ದಂಡೆಯ ಊರು. ಊರಿಗೆ ಎರಡು ಪಾಲು. ಮೇಲಿನ ಓಣಿಗಳು ಕಾಗವಾಡ ರಸ್ತೆಗೆ ಹತ್ತಿರ, ಕೆಳಗಿನ ಗಲ್ಲಿ ಹೊಳೆಗೆ ಹತ್ತಿರ. ನಾವು ಕೆಳಗಿನವರು. ನಮ್ಮ ಮನೆ ಅಗಸಿಗೆ, ಅಂದರೆ ಹಳೆಯ ಊರಬಾಗಿಲಿಗೆ, ಅಂಟಿಕೊಂಡೇ ಇದೆ. ಮೇಯಲು ಹೋಗುವ ದನ, ಉಣ್ಣಲು ಬರುವ ಬೀಗರು, ಇಬ್ಬರೂ ನಮ್ಮ ಕಟ್ಟೆಯ ಮುಂದೆಯೇ ದಾಟಬೇಕು. ಕಟ್ಟೆಯ ಮೇಲೆ ಕುಳಿತು ನಾನು ಇಬ್ಬರನ್ನೂ ನೋಡಿ ಬುದ್ಧಿ ಕಲಿತದ್ದು ಹೆಚ್ಚು, ಸಾಲೆಯಲ್ಲಿ ಕಲಿತದ್ದು ಕಡಿಮೆ. ಸಾಲೆ ಮೂರನೇ ಇಯತ್ತೆಗೆ ಮುಗಿಯಿತು. ದಿಗ್ಗೇವಾಡಿಯ ತವರಿನಲ್ಲಿ ಎಮ್ಮೆ ಕಾಯಲು ಜನ ಬೇಕಾಗಿತ್ತು, ಓದಲು ಅಣ್ಣ ಇದ್ದ.

ಸೊಸೆ ಹಾಗಲ್ಲ. ರಾಯಬಾಗದ ಕಡೆಯವಳು, ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬಂದವಳು. ನಮ್ಮ ಮನೆಗೆ ಬಂದ ಮೇಲೆ ನನ್ನ ಹಾಗೆಯೇ ಎಮ್ಮೆಯ ಸೆಗಣಿ ಬಳಿದಳು. ಬಳಿದಳು, ಆದರೆ ಬುಟ್ಟಿಯನ್ನು ನೆಲಕ್ಕೆ ಕುಕ್ಕುತ್ತಿದ್ದಳು. ಸೆಗಣಿ ಬುಟ್ಟಿ ಕುಕ್ಕುವ ಸಪ್ಪಳದ ಮೇಲೆಯೇ ಒಬ್ಬಳ ಮನಸ್ಸಿನಲ್ಲಿ ಏನಿದೆ ಎಂದು ಹೇಳಬಹುದು. ಒಂದು ದಿನ ನಾನೇ ಕೇಳಿದೆ.

"ಏನ ಬೇಕಾಗೇತಿ ನಿನಗ? ಬುಟ್ಟಿ ಮ್ಯಾಲ ಯಾಕ ಸಿಟ್ಟು?"

"ಹಾಲಿನ ಸಂಘದವರು ಕೆಳಗಿನ ಗಲ್ಲಿಗೆ ಒಂದು ಸೆಂಟರ್ ಕೊಡಾಕತ್ತಾರ ಅತ್ತಿ. ಕಂಪ್ಯೂಟರ್ ಗೊತ್ತಿದ್ದವರು ಬೇಕಂತ. ನನಗ ಗೊತ್ತೈತಿ. ನಮ್ಮ ಪಡಸಾಲಿ ಖಾಲಿ ಐತಿ."

"ಖಾಲಿ ಎಲ್ಲೈತಿ? ನಾ ಕುಂದರತೀನಲ್ಲ."

"ನೀವು ಕಟ್ಟಿ ಮ್ಯಾಲ ಕುಂದರ್ರಿ. ಹೆಂಗಿದ್ರೂ ಅಲ್ಲೇ ಕುಂದರತೀರಿ."

ಮಾತು ಖರೆ ಇತ್ತು, ಅದಕ್ಕೇ ಸಿಟ್ಟು ಬಂತು. ಆದರೂ ಪಡಸಾಲೆ ಬಿಟ್ಟುಕೊಟ್ಟೆ. ಪ್ರೀತಿಯಿಂದ ಎಂದು ಯಾರೂ ತಿಳಿಯಬೇಡಿ. ನಮ್ಮ ಗಲ್ಲಿಯಲ್ಲಿ ಮನೆಗೊಂದು ಎಮ್ಮೆ ಇರುವ ಹೆಂಗಸರೇ ಹೆಚ್ಚು. ಕೂಲಿಗೆ ಹೋಗುವವರೂ ಇದ್ದಾರೆ, ತುಂಡು ಹೊಲದವರೂ ಇದ್ದಾರೆ. ಎರಡು ಹೊತ್ತೂ ಕೊಡ ಹೊತ್ತು ಮೇಲಿನ ಓಣಿಯ ದಿನ್ನೆ ಏರಿ ಹಾಲು ಹಾಕಿ ಬರುವುದರಲ್ಲಿ ನನ್ನ ಮೊಣಕಾಲು ಸವೆದಿತ್ತು. ಹಾಲು ಮನೆಯಲ್ಲೇ ಅಳೆಯುತ್ತಾರೆಂದರೆ ನನಗೇನು ಬೇಡವೇ?

ಸಂಘದ ಅಧ್ಯಕ್ಷನಿಗೆ ಮಾತ್ರ ಇದು ಬೇಡವಾಗಿತ್ತು. ಅವನು ಮೇಲಿನ ಓಣಿಯವನು, ನನ್ನ ಮಗನಿಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವನು. ಇಸ್ತ್ರಿ ಅಂಗಿ, ಕೊರಳಲ್ಲಿ ಟವೆಲ್. ಅವನ ಹೆಂಡತಿಯ ತಮ್ಮ ರಸ್ತೆಯ ಆಚೆ ಒಂದು ತಗಡಿನ ಶೆಡ್ ಹಾಕಿಸಿ ಕೂತಿದ್ದ. ಸೆಂಟರ್ ಅಲ್ಲಿ ಆಗಬೇಕೆಂದು ಅಧ್ಯಕ್ಷನ ಆಸೆ. ಸಂಘದ ಉಳಿದವರು, "ಆ ಹೆಣ್ಮಗಳಿಗೆ ಕೆಲಸ ಗೊತ್ತೈತಿ, ಒಮ್ಮೆ ನೋಡೂಣು" ಎಂದರು. ಕಡೆಗೆ ಅಧ್ಯಕ್ಷ ಒಂದು ಕಟ್ಟಳೆ ಹಾಕಿದ. ಕಾರ ಹುಣ್ಣಿಮೆಯ ಸಂಜೆಯ ಹಾಲಿನವರೆಗೆ ನಡೆಸಿ ತೋರಿಸಬೇಕು. ನಮ್ಮ ಪಡಸಾಲೆಯಿಂದ ಮೇಲಿನ ಆಫೀಸಿಗೆ ಲೆಕ್ಕ ಹೋಗುವ ಲೈನ್ ಅಷ್ಟರಲ್ಲಿ ಒಮ್ಮೆ ಕಡಿದರೂ ಸೆಂಟರ್ ತಗಡಿನ ಶೆಡ್ಡಿಗೆ. ನಮ್ಮ ಕಟ್ಟೆಯ ಮುಂದೆ ನಿಂತೇ ಹೇಳಿದ. ಸೊಸೆ ಸೆರಗು ಸರಿಮಾಡಿಕೊಂಡು "ಆತ್ರಿ" ಎಂದಳು. ಆಮೇಲೆ ಅವಳು ಸೆಗಣಿ ಬುಟ್ಟಿಯನ್ನು ಮೆಲ್ಲಗೆ ಇಡತೊಡಗಿದಳು. ಸೆಂಟರಿನ ಆ ಕುರ್ಚಿ ಅವಳಿಗೆ ಅಷ್ಟು ಬೇಕಾಗಿತ್ತು.

ಲೈನ್ ಎಂದರೆ ಏನು ಎಂದು ತಿಳಿದದ್ದು ನಿಪ್ಪಾಣಿಯಿಂದ ಕಂಪ್ಯೂಟರಿನವನು ಬಂದಾಗ. ನಮ್ಮ ಅಂಗಳದಲ್ಲಿ ಮೊಬೈಲ್ ನಂಬುವ ಹಾಗಿಲ್ಲ. ಹೊಳೆಯಾಚೆಯ ಕಂಬ ಮಹಾರಾಷ್ಟ್ರದ್ದು. ನಮ್ಮ ಮೊಬೈಲು ಅದನ್ನೇ ಹಿಡಿದು, ನಾವು ಹಿತ್ತಲಿಗೆ ಹೋದರೂ ಪರರಾಜ್ಯಕ್ಕೆ ಬಂದಿರಿ ಎಂದು ಮರಾಠಿಯಲ್ಲಿ ಸ್ವಾಗತ ಮಾಡುತ್ತದೆ. ಕಬ್ಬು ಎತ್ತರ ಬೆಳೆದರೆ ಆ ಸ್ವಾಗತವೂ ಇಲ್ಲ. ಅದಕ್ಕೆ ಸಂಘದವರು ಟೆಲಿಫೋನ್ ಖಾತೆಯಿಂದ ತಂತಿ ಹಿಡಿದರು. ಮೊಬೈಲ್ ಬಂದ ಮೇಲೆ ಮನೆಮನೆಯ ಫೋನು ಮೂಲೆ ಸೇರಿ, ಕಂಬದ ಮೇಲಿನ ತಂತಿಗಳು ಕೆಲಸವಿಲ್ಲದ ಗಂಡಸರ ಹಾಗೆ ಜೋತಾಡುತ್ತಿದ್ದವು.

"ಫೋನ್ ಎಲ್ಲೈತಿ?" ಎಂದು ನಾನು ನಿಪ್ಪಾಣಿಯವನನ್ನು ಕೇಳಿದೆ.

"ಫೋನ್ ಇಲ್ರಿ ಆಯಿ, ಬರೇ ತಂತಿ."

"ಬರೇ ತಂತಿ ತಗೊಂಡು ಅರಬಿ ಒಣಹಾಕೂದೇನು?"

"ಇಲ್ರಿ. ಈ ಬಾಜೂಕ ನಮ್ಮ ಡಬ್ಬಿ, ಆ ಬಾಜೂಕ ಆಫೀಸಿನಾಗ ನಮ್ಮ ಡಬ್ಬಿ. ನಡುವ ಟೆಲಿಫೋನಿನವರ ತಂತಿ. ಅವರು ತಂತಿ ಅಷ್ಟ ಕೊಡ್ತಾರ. ಅದರಾಗ ದನಿ ಬಿಡೂದಿಲ್ಲ, ನಂಬರ್ ಕೊಡೂದಿಲ್ಲ. ಒಳಗ ಏನ ಕಳಸ್ತೀವಿ ಅನ್ನೂದು ನಮಗ ಬಿಟ್ಟದ್ದು. ನಡುವ ಮತ್ತ್ಯಾರೂ ಬರಂಗಿಲ್ಲ."

"ಹೊಲ ಲಾವಣಿ ಹಿಡದಂಗ ಅನ್ನು."

"ಹಾಂ, ಅದ ನೋಡ್ರಿ! ಇದನ್ನ ತಿಳಿಸಿ ಹೇಳಾಕ ನಾ ಅಥಣಿಯಾಗ ಅರ್ಧಾ ದಿನ ಕುಂತಿದ್ದೆ."

ತಂತಿ ಎಳೆಯಲು ಬಂದ ಲೈನ್‌ಮನ್ ಉಗಾರ ಬುದ್ರುಕದವನು, ನಮ್ಮ ಗಲ್ಲಿಯ ಅಳಿಯ. ಅಗಸಿಯ ಪಕ್ಕದ ಕಂಬದಿಂದ ನಮ್ಮ ಗೋಡೆಯ ಕೊಂಡಿಗೆ ದಾರಿಗೆ ಅಡ್ಡಲಾಗಿ ಒಂದು ಕರಿ ವಯರು ಎಳೆದ. ವಯರು ಹೊಸದಲ್ಲ. ಯಾರದೋ ಮನೆಯ ಹಳೆಯದನ್ನು ಬಿಚ್ಚಿ ತಂದದ್ದು, ಬಿಸಿಲಿಗೆ ಬೆಂದು ಬಿರುಕು ಬಿಟ್ಟಿತ್ತು.

"ಅಳ್ಯಾ, ಇದು ಬಾಳೀತೇನೋ?" ಎಂದೆ.

"ಬಾಳ್ತೈತಿ ಬಿಡವಾ ಆಯಿ. ಯಾರೂ ಎಳೀಬಾರದು ಅಷ್ಟ."

"ಯಾರ ಎಳೀತಾರ, ಹುಚ್ಚರು?"

ಡಬ್ಬಿಯ ಮೇಲೆ ಹಸಿರು ದೀಪ ಬಂತು. ಸೊಸೆ ಕುರ್ಚಿಯಲ್ಲಿ ಕುಳಿತಳು. ಹೆಂಗಸರು ಹಾಲು ತಂದರು. ಅವಳು ಯಂತ್ರದಲ್ಲಿ ಇಷ್ಟು ಹಾಲು ಹಾಕುವುದು, ಅದು ಫ್ಯಾಟು ಎಂದು ಜಿಡ್ಡನ್ನೂ ಡಿಗ್ರಿ ಎಂದು ಗಟ್ಟಿತನವನ್ನೂ ತೋರಿಸುವುದು, ಕೂಡಲೇ ಆ ಲೆಕ್ಕ ತಂತಿಯಲ್ಲಿ ಮೇಲಿನ ಆಫೀಸಿಗೆ ಹೋಗುವುದು. ಅಲ್ಲಿ ಹೋದದ್ದನ್ನು ಯಾರೂ ತಿದ್ದುವ ಹಾಗಿಲ್ಲ. ಮೊದಮೊದಲು ಹೆಂಗಸರಿಗೆ ನಂಬಿಕೆ ಬರಲಿಲ್ಲ. ಪಕ್ಕದ ಮನೆಯವಳು ಡಬ್ಬಿಗೆ ಕಿವಿ ಇಟ್ಟು ನೋಡಿದಳು.

"ಏನೂ ಕೇಳವಲ್ದಲ್ಲ ಬೇ. ನಮ್ಮ ಎಮ್ಮಿ ಹಾಲ ಖರೇನ ಹೋಗ್ಯಾವೇನ?"

"ಹಾಲ ಕ್ಯಾನಿನಾಗ ಅದಾವ ಅಕ್ಕಾ. ಲೆಕ್ಕ ಹೋಗೇತಿ" ಎಂದಳು ಸೊಸೆ. "ಈ ತಂತ್ಯಾಗ ದನಿ ಇರೂದಿಲ್ಲ. ಇದು ಮಾತಾಡೂ ತಂತಿ ಅಲ್ಲ."

ಈ ಮಾತು ಊರೆಲ್ಲ ತಿರುಗಿತು. ಆಯಿಯ ಮನೆಯ ತಂತಿಗೆ ದನಿಯಿಲ್ಲ. ಆಯಿಗೆ ಇರುವ ದನಿಯೇ ಸಾಕು ಎಂದು ಯಾರೋ ಸೇರಿಸಿದರು. ಸೇರಿಸಿದವರು ಯಾರು ಎಂದು ನನಗೆ ಗೊತ್ತು.

ಈಗ ಕಾರ ಹುಣ್ಣಿಮೆಯ ವಿಷಯಕ್ಕೆ ಬರುತ್ತೇನೆ. ಅದು ಎತ್ತಿನ ಹಬ್ಬ. ಹೊಳೆಯಾಚೆಯ ಮರಾಠಿಯವರು ಇದನ್ನೇ ಬೆಂದೂರ ಎಂದು ಒಂದು ತಿಂಗಳು ತಡಮಾಡಿ ಮಾಡುತ್ತಾರೆ. ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ, ಬೆನ್ನಿಗೆ ಜೂಲ ಹೊದಿಸಿ, ಮಧ್ಯಾಹ್ನ ಇಳಿದ ಮೇಲೆ ಅಗಸಿಯಲ್ಲಿ ಓಡಿಸುತ್ತಾರೆ. ಅಗಸಿಗೆ ಅಡ್ಡಲಾಗಿ ಒಂದು ಹಗ್ಗ ಕಟ್ಟಿ, ಅದಕ್ಕೆ ಬೇವಿನ ತೊಪ್ಪಲು, ಕೊಬ್ಬರಿ ಬಟ್ಟಲು ತೂಗುಬಿಟ್ಟಿರುತ್ತಾರೆ. ಅದಕ್ಕೆ ಕರಿ ಎನ್ನುತ್ತಾರೆ. ಓಡಿ ಬಂದು ಅದನ್ನು ಹರಿದ ಎತ್ತಿಗೆ ಆ ವರ್ಷದ ಮಾನ. ಬಿಳಿ ಎತ್ತು ಹರಿದರೆ ಹಿಂಗಾರಿ ಚೆನ್ನ, ಕೆಂದ ಎತ್ತು ಹರಿದರೆ ಮುಂಗಾರಿ ಚೆನ್ನ ಎಂದು ಹಿರಿಯರ ಲೆಕ್ಕ. ಈಗ ಊರತುಂಬ ಕಬ್ಬು; ಅದು ಮುಂಗಾರಿಯೂ ಅಲ್ಲ, ಹಿಂಗಾರಿಯೂ ಅಲ್ಲ, ವರ್ಷಪೂರ್ತಿ ಗದ್ದೆಯಲ್ಲಿ ನಿಂತಿರುತ್ತದೆ. ಆದರೂ ಬಿಳಿಯೋ ಕೆಂಪೋ ಎಂದು ಗಂಡಸರು ಕೊರಳಪಟ್ಟಿ ಹಿಡಿಯುವುದನ್ನು ಬಿಟ್ಟಿಲ್ಲ.

ಕರಿ ಕಟ್ಟುವ ಹಕ್ಕು ನನ್ನ ಮೈದುನನದು. ಖಾಸಾ ಮೈದುನನಲ್ಲ, ಗಂಡನ ಚಿಕ್ಕಪ್ಪನ ಮಗ. ವಯಸ್ಸಾಗಿದೆ, ಸೊಂಟ ಬಾಗಿದೆ, ಹಕ್ಕು ಬಾಗಿಲ್ಲ. ಹಿಂದೆಲ್ಲ ಪುಂಡಿ ನಾರಿನ ಹಗ್ಗ ತಾನೇ ಹೊಸೆಯುತ್ತಿದ್ದ. ಕಬ್ಬು ಬಂದ ಮೇಲೆ ಪುಂಡಿ ಯಾರು ಬೆಳೆಯುತ್ತಾರೆ? ಅದರ ಹಿಂದಿನ ವರ್ಷ ಅಂಗಡಿಯ ನೈಲಾನ್ ಹಗ್ಗ ಕಟ್ಟಿದ್ದ. ಎತ್ತು ಓಡಿ ಬಂದಿತು, ಹಗ್ಗ ಹರಿಯಲಿಲ್ಲ. ಎತ್ತೇ ಹಿಂದಕ್ಕೆ ಕುಳಿತುಬಿಟ್ಟಿತು, ಜೂಲದ ಸಮೇತ. ಊರು ನಕ್ಕಿತು. ಆ ನಗು ಅವನಿಗೆ ವರ್ಷವಿಡೀ ಚುಚ್ಚಿತ್ತು. ಈ ಸಲ ಹರಿಯುವಂಥದ್ದೇ ಕಟ್ಟಬೇಕೆಂದು ಹಟ ತೊಟ್ಟಿದ್ದ.

ಪ್ರತಿ ವರ್ಷವೂ ಕರಿ ಕಟ್ಟುವುದು ಅದೇ ಕಂಬದಿಂದ ನಮ್ಮ ಗೋಡೆಯ ಅದೇ ಕೊಂಡಿಗೆ. ಅವನು ಅಲ್ಲಿ ಬಂದು ತಲೆ ಎತ್ತಿ ನೋಡಿದಾಗ ಬಿಸಿಲಿಗೆ ಬೆಂದ ವಯರು ಆಗಲೇ ಅಡ್ಡ ಕಟ್ಟಿತ್ತು. ಸೆಂಟರಿನ ಲೈನ್ ಹೊಸ ವಯರಿನದೇ ಇದ್ದೀತು, ಇದು ಯಾವುದೋ ಹಳೆಯದು ಎಂದುಕೊಂಡ. ಹಳೆಯ ಟೆಲಿಫೋನ್ ವಯರಿಗೆ ನಮ್ಮ ಊರಿನಲ್ಲಿ ಯಾರೂ ಮರ್ಯಾದೆ ಕೊಡುವುದಿಲ್ಲ. ಅದರಿಂದ ಹಂದರ ಕಟ್ಟುತ್ತಾರೆ, ಕಣ್ಣಿ ಮಾಡುತ್ತಾರೆ, ಕೊಡದ ಕಿವಿ ಬಿಗಿಯುತ್ತಾರೆ. ಆದರೂ ಅವನು ಹಾಗೇ ಕೈ ಹಾಕಲಿಲ್ಲ, ಪರೀಕ್ಷೆ ಮಾಡಿದ. ಮನೆಯ ಮೂಲೆಯಲ್ಲಿದ್ದ ತನ್ನ ಹಳೆಯ ಕೆಂಪು ಫೋನು ಬಗಲಿಗೆ ಕಟ್ಟಿಕೊಂಡು ಏಣಿ ಹತ್ತಿ, ಮುಚ್ಚಳವಿಲ್ಲದ ಕಂಬದ ಡಬ್ಬಿಯಲ್ಲಿ ಆ ತಂತಿಗೆ ಹಚ್ಚಿ, ಕಿವಿಗೊಟ್ಟ. ಗುಂಯ್ ಎನ್ನಲಿಲ್ಲ. ದನಿ ಇದ್ದರೆ ಜೀವಂತ, ಇಲ್ಲದಿದ್ದರೆ ಸತ್ತದ್ದು. ನಮಗೆಲ್ಲ ಫೋನಿನ ಬಗ್ಗೆ ಗೊತ್ತಿದ್ದ ಶಾಸ್ತ್ರವೇ ಅಷ್ಟು. ಸತ್ತ ತಂತಿ ಎಂದು ತೀರ್ಮಾನಿಸಿ, ಎತ್ತಿನ ಕೊಂಬಿಗೆ ಸಿಗುವಷ್ಟು ಅದನ್ನು ಇಳಿಬಿಟ್ಟು, ಉದ್ದಕ್ಕೂ ಬೇವಿನ ತೊಪ್ಪಲು ದಟ್ಟವಾಗಿ ಕಟ್ಟಿದ.

ಇದೆಲ್ಲ ಆಮೇಲೆ ತಿಳಿದದ್ದು. ಅವತ್ತು ನಾನು ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದೆ. ಹೊರಗೆ ಬಂದಾಗ ತೊಪ್ಪಲು ಕಂಡಿತು, ಕೊಬ್ಬರಿ ಕಂಡಿತು. ಒಳಗೆ ಹಗ್ಗವೋ ತಂತಿಯೋ ಎಂದು ತೊಪ್ಪಲು ಸರಿಸಿ ಯಾರು ನೋಡುತ್ತಾರೆ? ಸೊಸೆ ಬೆಳಿಗ್ಗೆ ಒಮ್ಮೆ, "ಅತ್ತಿ, ದೀಪ ಒಂದ ಸಲ ಮಿಣಕ್ ಅಂತು" ಎಂದಳು.

"ನಿನ್ನ ಕಣ್ಣ ಮಿಣಕ್ ಅಂದಿದ್ದಾವು, ನಿದ್ದಿ ಇಲ್ಲ ನಿನಗ" ಎಂದೆ. ದೀಪ ಮತ್ತೆ ಹಸಿರಾಗಿತ್ತು. ಆ ಸಂಜೆಯ ಹಾಲು ಒಂದು ಅಳೆದುಬಿಟ್ಟರೆ ಕುರ್ಚಿ ಅವಳದು.

ಎತ್ತುಗಳು ಬಂದವು. ಹಲಗೆ ಬಾರಿಸುತ್ತಿದ್ದರು. ಕರಿಗೆ ಆಸೆಪಟ್ಟವರಲ್ಲಿ ಅಧ್ಯಕ್ಷನೂ ಒಬ್ಬ. ಅವನ ಬಿಳಿ ಎತ್ತು ಕೊಬ್ಬಿ ಗೋಡೆಯ ಹಾಗಿತ್ತು. ಗಾಡಿ ಎಳೆದದ್ದನ್ನು ಯಾರೂ ನೋಡಿರಲಿಲ್ಲ. ಅದಕ್ಕೆ ಎದುರಾಳಿ ಕೆಳಗಿನ ಗಲ್ಲಿಯ ಒಬ್ಬ ಕುರಿಗಾರನ ಕೆಂದ ಎತ್ತು. ಎರಡನ್ನೂ ಒಟ್ಟಿಗೇ ಬಿಟ್ಟರು. ಧೂಳೋ ಧೂಳು. ಬಿಳಿ ಎತ್ತಿನ ಕೊಂಬು ತೊಪ್ಪಲಿಗೆ ಸಿಕ್ಕಿತು, ಟಣ್ ಎಂದಿತು, ನಮ್ಮ ಗೋಡೆಯ ಸುಣ್ಣ ಒಂದು ಮುಷ್ಟಿ ಉದುರಿತು. ಎತ್ತು ತೊಪ್ಪಲನ್ನು ಮದುಮಗಳ ಸೆರಗಿನ ಹಾಗೆ ಎಳೆದುಕೊಂಡು ಮುಂದೆ ಓಡಿತು. ಜನ ಕೂಗಿದರು, ಗುಲಾಲು ಹಾರಿತು. ಅಧ್ಯಕ್ಷನನ್ನು ಯಾರೋ ಹೆಗಲ ಮೇಲೆ ಎತ್ತಿದರು. ತೂಕ ತಾಳದೆ ಮತ್ತೆ ಇಳಿಸಿದರು.

ಸೊಸೆ ಬಾಗಿಲಿಗೆ ಓಡಿ ಬಂದಳು.

"ಅತ್ತಿ, ಲೈನ್ ಹೋತು!"

"ಎಲ್ಲಿ ಹೋತು?"

ಅವಳು ಗೋಡೆಯ ಖಾಲಿ ಕೊಂಡಿ ನೋಡಿದಳು, ಕಂಬ ನೋಡಿದಳು, ಆಮೇಲೆ ಓಣಿಯ ತುದಿಗೆ ಬೆರಳು ಮಾಡಿದಳು.

"ಅಕಾ, ಅಲ್ಲಿ ಹೊಂಟೈತಿ ನೋಡ್ರಿ. ಅಧ್ಯಕ್ಷರ ಎತ್ತಿನ ಕೊಂಬಿನಾಗ."

ಎತ್ತನ್ನು ತಿರುಗಿಸಿ ಹಲಗೆಯ ಸಮೇತ ಅಗಸಿಗೆ ಕರೆತಂದರು. ತೊಪ್ಪಲಿನ ನಡುವೆ ಕರಿ ವಯರು ಹಾವಿನ ಹಾಗೆ ಕಾಣುತ್ತಿತ್ತು. ಹಬ್ಬಕ್ಕೆ ಮಾವನ ಮನೆಗೆ ಬಂದಿದ್ದ ಲೈನ್‌ಮನ್, ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಓಡಿ ಬಂದ.

"ಯಾರ್ರೀ ಇದಕ್ಕ ಕೈ ಹಾಕಿದವರು? ಇದು ನಡಿಯೂ ಲೈನ್!"

ಮೈದುನ ಮುಂದೆ ಬಂದ. ಪಾಪ, ಮುಖ ಬಾಡಿತ್ತು. "ವೈನಿ, ನಾ ಫೋನ್ ಹಚ್ಚಿ ನೋಡೇನಿ. ದನಿ ಇರಲಿಲ್ಲ. ಸತ್ತ ತಂತಿ ಅಂತ..."

"ದನಿ ಇಲ್ದಿದ್ರ ಸತ್ತಂಗೇನೋ ಕಾಕಾ?" ಎಂದ ಲೈನ್‌ಮನ್. "ಹಂಗಾದ್ರ ನಮ್ಮ ಮಾವ ಯಾವಾಗೋ ಹೋಗ್ಯಾನ. ನಮ್ಮ ಅತ್ತಿ ಮುಂದ ಅಂವ ದನೀನ ತಗಿಯೂದಿಲ್ಲ."

ಅವನ ಮಾವ ಅಲ್ಲೇ ನಿಂತಿದ್ದ, ದನಿ ತೆಗೆಯಲಿಲ್ಲ. ಅತ್ತೆಯೂ ಅಲ್ಲೇ ನಿಂತಿದ್ದಳು.

ಎಲ್ಲರೂ ನಗುವಾಗ ನಗದಿದ್ದವರು ನನ್ನ ಸೊಸೆ ಮತ್ತು ಆ ತಗಡಿನ ಶೆಡ್ಡಿನವನು. ಅವನು ತನ್ನ ಭಾವ ಅಧ್ಯಕ್ಷನ ಅಂಗಿ ಜಗ್ಗಿದ. "ದಾಜೀ, ಲೈನ್ ಕಡದೈತಿ. ನೀವ ಹೇಳಿದ್ರಲ್ಲ, ಹುಣ್ಣಿಮಿ ಸಂಜಿತನಕ ಒಮ್ಮಿ ಕಡದರೂ..."

ಅಧ್ಯಕ್ಷನಿಗೆ ನೆನಪಾಯಿತು. ಗುಲಾಲು ಬಳಿದ ಮುಖದಲ್ಲೇ ಅಧ್ಯಕ್ಷಗಿರಿ ತಂದುಕೊಂಡ.

"ಹೌದು. ಮಾತಂದ್ರ ಮಾತು. ಲೈನ್ ಕಡದೈತಿ. ನಾಳಿಂದ ಸೆಂಟರ್ ಶೆಡ್ಡಿಗೆ."

ಸೊಸೆಯ ಮುಖ ನೋಡಿದೆ. ಅಳಲಿಲ್ಲ. ಅತ್ತಿದ್ದರೆ ನಾನು ಬೈಯುತ್ತಿದ್ದೆ. ಸಂಜೆಯ ಹಾಲು ಹಿಡಿದ ಹೆಂಗಸರು ಆಗಲೇ ಕಟ್ಟೆಯ ಹತ್ತಿರ ಸೇರುತ್ತಿದ್ದರು. ನಾನು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಟ್ಟೆ ಇಳಿದೆ.

"ತಮ್ಮಾ, ಒಂದ ಮಾತ ಹೇಳು. ಲೈನ್ ತಾನ ಕಡದೈತೋ, ನಿನ್ನ ಎತ್ತ ಹರದೈತೋ?"

ಅಧ್ಯಕ್ಷ ಬಾಯಿ ತೆರೆಯುವ ಮೊದಲೇ ಕುರಿಗಾರ ಹಿಂದಿನಿಂದ ಕೂಗಿದ. "ತಾನ ಕಡದೈತಿ ಆಯಿ! ಹಳೇ ವಯರು, ಗಾಳಿಗೆ ಕಡದೈತಿ. ಎತ್ತ ಮುಟ್ಟೇ ಇಲ್ಲ. ನಾ ಕಣ್ಣಾರೆ ನೋಡೇನಿ. ಮತ್ತೊಂದ ಕರಿ ಕಟ್ರಿ, ಮತ್ತೊಮ್ಮೆ ಬಿಡೂಣು!"

"ಯಾರಲೇ ಅಂವ ಗಾಳಿ ಅಂದಾಂವ?" ಅಧ್ಯಕ್ಷ ತಿರುಗಿದ. "ನನ್ನ ಎತ್ತ ಹರದೈತಿ! ಊರೆಲ್ಲಾ ನೋಡೈತಿ!"

"ಏನ ಹರದೈತಿ?" ಎಂದೆ.

"ಕರಿ!"

"ಕರಿ ಯಾತರದು?"

ಅವನು ತೊಪ್ಪಲಿನ ನಡುವಿನ ವಯರು ನೋಡಿದ. ಹಲಗೆಯವನೂ ಕೋಲು ಎತ್ತಿದವನು ಎತ್ತಿದ ಹಾಗೇ ನಿಂತ.

"ಎರಡ ದಾರಿ ಅದಾವ ತಮ್ಮಾ" ಎಂದೆ. "ತಂತಿ ತಾನ ಕಡದಿದ್ರ ನನ್ನ ಸೊಸಿ ಸೆಂಟರ್ ಬಿಡ್ತಾಳ. ಆದ್ರ ಕರಿ ಹರದಂಗಾಗಲಿಲ್ಲ, ಕುರಿಗಾರನ ಎತ್ತಿನ ಕೂಡ ಮತ್ತ ಓಡಸು. ನಿನ್ನ ಎತ್ತ ಹರದಿದ್ರ ಕರಿ ನಿನ್ನದು. ಆದ್ರ ಸಂಘದ ಲೈನ್ ಹರದಾಂವ ಸಂಘದ ಅಧ್ಯಕ್ಷ. ಅದರಾಗ ಆಕೀ ತಪ್ಪ ಏನೈತಿ? ಯಾವದ ಬೇಕ ಹೇಳು, ನನಗ ಒಲಿ ಮ್ಯಾಲ ಹೋಳಿಗಿ ಹೊತ್ತಾವ."

"ದಾಜೀ, ಗಾಳಿ ಅನ್ರಿ" ಎಂದ ಶೆಡ್ಡಿನವನು ಮೆಲ್ಲಗೆ.

"ಗಾಳಿ ಅಂದ್ರ ನಾ ಊರಾಗ ಮುಖಾ ಹೆಂಗ ತೋರಿಸಲೋ?" ಎಂದ ಅಧ್ಯಕ್ಷ, ಮೆಲ್ಲಗೆ ಅಲ್ಲ.

ಕೆಂದ ಎತ್ತು ಕಾಲು ಕೆರೆಯಿತು. ಅದಕ್ಕೇನು ತಿಳಿದಿತ್ತೋ. ಅಧ್ಯಕ್ಷ ಒಮ್ಮೆ ತನ್ನ ಬಿಳಿ ಎತ್ತನ್ನು ನೋಡಿದ. ಅದು ಏದುಸಿರು ಬಿಡುತ್ತ, ಇನ್ನೊಮ್ಮೆ ಓಡು ಎಂದರೆ ಮಲಗಿಬಿಡುವ ಹಾಗೆ ನಿಂತಿತ್ತು.

ಅಷ್ಟರಲ್ಲಿ ಅಧ್ಯಕ್ಷನ ಹೆಂಡತಿ ಎತ್ತನ್ನು ಮನೆಗೆ ಕರೆಯಲು ಆರತಿ ತಟ್ಟೆ ಹಿಡಿದು ಬಂದಳು, ಇನ್ನೊಂದು ಕೈಯಲ್ಲಿ ಹಾಲಿನ ಕ್ಯಾನು. ಮೇಲಿನ ಓಣಿಯವಳಾದರೂ ಅವರ ಎಮ್ಮೆಗಳು ನಮ್ಮ ಕಡೆಯ ತೋಟದಲ್ಲಿದ್ದುದರಿಂದ ಹಾಲು ನಮ್ಮಲ್ಲೇ ಹಾಕುತ್ತಿದ್ದಳು. ಏನು ನಡೆದಿದೆ ಎಂದು ನಾಲ್ಕು ಕಡೆಯಿಂದ ನಾಲ್ವರು ಅವಳ ಕಿವಿಗೆ ಹಾಕಿದರು. ಅವಳು ಮೊದಲು ತಮ್ಮನನ್ನು ನೋಡಿದಳು.

"ನೀ ಹಾಲ ಹಿಡೀತೀ?" ಎಂದಳು. "ಮುಂಜಾನೆ ಹಾಲ ಅಂದ್ರ ನಸುಕಿನಾಗ ಏಳಬೇಕು. ನಿನಗ ಎಬ್ಬಸಾಕ ನಮ್ಮವ್ವ ಮುಖಕ್ಕ ನೀರ ಹೊಡೀತಿದ್ಲು, ನೀ ಮಳಿ ಬಂತು ಅಂತ ಹೊದಿಕಿ ಎಳಕೋತಿದ್ದಿ. ಮಂದಿ ಹಾಲ ಎಲ್ಲಾ ಶೆಡ್ಡಿನಾಗ ಮೊಸರ ಆಗ್ತಾವ."

ಆಮೇಲೆ ಗಂಡನತ್ತ ತಿರುಗಿದಳು. "ನಮ್ಮ ಎತ್ತ ಹರದೈತಿ ಅನ್ರಿ ಸುಮ್ಮನ. ಆರತಿ ಆರಾಕತ್ತೈತಿ."

"ನಮ್ಮ ಎತ್ತ ಹರದೈತಿ" ಎಂದ ಅಧ್ಯಕ್ಷ.

"ಏನನ್ನ?" ಎಂದೆ ನಾನು. ಬಿಡುವ ಹೆಂಗಸಲ್ಲ ನಾನು.

"ಲೈನ್. ಸಂಘದ ಲೈನ್. ಆಕೀ ತಪ್ಪಿಲ್ಲ. ಸೆಂಟರ್ ಇಲ್ಲೇ ಇರ್ಲಿ. ಆತಲ್ಲ ಆಯಿ?"

ಹಲಗೆಯವನು ಎತ್ತಿದ ಕೋಲನ್ನು ಇಳಿಸಿದ. ಕುರಿಗಾರ ಗೊಣಗುತ್ತ ಕೆಂದ ಎತ್ತಿನ ಮೂಗುದಾಣ ಹಿಡಿದು ಹೊರಟ.

ಇನ್ನೊಂದು ತೊಡಕು ಉಳಿದಿತ್ತು. ಕೊಂಬಿನ ಕರಿಯನ್ನು ಎತ್ತಿನವರ ಮನೆಬಾಗಿಲಲ್ಲಿ ಆರತಿಯಾಗುವ ತನಕ ತೆಗೆಯಬಾರದು. ಅವರ ಮನೆ ಊರಿನ ಆ ತುದಿ. ಮೆರವಣಿಗೆ ಹೋಗಿ ಮುಟ್ಟುವಷ್ಟರಲ್ಲಿ ಹಾಲು ಕೆಟ್ಟಿರುತ್ತಿತ್ತು. ಲೈನ್‌ಮನ್‌ನ ಹತ್ತಿರ ಬೇರೆ ವಯರು ಇರಲಿಲ್ಲ, ಇದ್ದದ್ದು ಕೊಂಬಿನಲ್ಲೇ ಇತ್ತು. ಅಧ್ಯಕ್ಷನ ಹೆಂಡತಿ ಒಂದು ಕ್ಷಣ ಯೋಚಿಸಿ, ನಮ್ಮ ಕಟ್ಟೆಯ ಮುಂದೆಯೇ ಎತ್ತನ್ನು ನಿಲ್ಲಿಸಿ ಆರತಿ ಎತ್ತಿದಳು. "ಇದು ನಿಮ್ಮ ಮನಿ ಬಾಗ್ಲಲ್ಲ" ಎಂದು ಮೈದುನ ಹಕ್ಕಿನ ಮಾತು ತೆಗೆದ.

"ಸಂಘದ ಬಾಗ್ಲ ಹೌದಲ್ಲ ಕಾಕಾ. ಸಂಘದ ಅಧ್ಯಕ್ಷರ ಎತ್ತು. ನಡೀತೈತಿ" ಎಂದಳು.

ಶಾಸ್ತ್ರವನ್ನು ಹೀಗೆ ಬಗ್ಗಿಸುವವಳ ಮುಂದೆ ನಾನೂ ಕೈಮುಗಿದೆ.

ಲೈನ್‌ಮನ್ ತೊಪ್ಪಲಿನಿಂದ ವಯರು ಬಿಡಿಸಿ, ತುದಿಗಳನ್ನು ಹಲ್ಲಿನಿಂದ ಸುಲಿದು, ತಾಮ್ರಕ್ಕೆ ತಾಮ್ರ ಹುರಿ ಹಾಕಿ, ಮೇಲೆ ಕರಿ ಟೇಪು ಸುತ್ತಿದ. ಅವಸರದಲ್ಲಿ ಒಂದೆರಡು ಬೇವಿನ ಎಲೆ ಟೇಪಿನ ಒಳಗೇ ಉಳಿದವು. ಅವನು ಕಂಬ ಹತ್ತಿದ, ನಾವೆಲ್ಲ ಪಡಸಾಲೆಯಲ್ಲಿ ಡಬ್ಬಿಯ ಮುಂದೆ ನಿಂತೆವು. ದೀಪ ಕೆಂಪಗಿತ್ತು. ಮಿಣುಕತೊಡಗಿತು. ಪಕ್ಕದ ಮನೆಯವಳು ಡಬ್ಬಿಗೆ ಕೈಮುಗಿದೇಬಿಟ್ಟಳು. ಆಮೇಲೆ ಹಸಿರು ಬಂತು, ಬಂದದ್ದು ನಿಂತಿತು.

ಸೊಸೆ ಕುರ್ಚಿಯಲ್ಲಿ ಕುಳಿತು, ಸೆರಗು ಸಿಕ್ಕಿಸಿ, "ಬರ್ರಿ" ಎಂದಳು.

ಮಾನದ ಎತ್ತಿನ ಮನೆಯವರೆಂದು ಅಧ್ಯಕ್ಷನ ಹೆಂಡತಿಯ ಕ್ಯಾನನ್ನೇ ಮುಂದೆ ಬಿಟ್ಟರು. ಅಧ್ಯಕ್ಷ ಪಕ್ಕದಲ್ಲೇ ಮೀಸೆ ತೀಡುತ್ತ ನಿಂತಿದ್ದ. ಸೊಸೆ ಹಾಲು ಕಲಕಿ, ಯಂತ್ರಕ್ಕೆ ಇಷ್ಟು ಹಾಕಿದಳು. ಯಂತ್ರ ಗುರ್ ಎಂದಿತು. ಅವಳು ಒಮ್ಮೆ ನೋಡಿದಳು, ಇನ್ನೊಮ್ಮೆ ನೋಡಿದಳು.

"ಅಕ್ಕಾರ, ಡಿಗ್ರಿ ಕಡಿಮಿ ಬಂದೈತ್ರಿ. ನೀರ ಐತಿ."

ಅಧ್ಯಕ್ಷನ ಹೆಂಡತಿಗೆ ನಾಚಿಕೆ ಎಂಬುದು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

"ಹಬ್ಬಕ್ಕ ಬೀಗರು ಬಂದಿದ್ರು. ಚಾಕ್ಕ ಹಾಲ ತಗದೆ. ಮತ್ತ ಕ್ಯಾನ ತುಂಬಬೇಕಲ್ಲ?"

ಅಧ್ಯಕ್ಷ ಬಾಗಿ ಸೊಸೆಯ ಕಿವಿಯ ಹತ್ತಿರ ಬಂದ. "ತಂಗೀ, ಇದೊಂದ ಮ್ಯಾಲ ಕಳಸಬ್ಯಾಡ. ಆಫೀಸಿನಾಗ ಎಲ್ಲಾರೂ ನೋಡ್ತಾರ."

"ಆಗಲೇ ಹೋತ್ರಿ" ಎಂದಳು ಸೊಸೆ. ಮುಖದಲ್ಲಿ ನಗು ಇರಲಿಲ್ಲ, ಕೆಲಸ ಇತ್ತು. "ಲೈನ್ ಭಾಳ ಛಲೋ ನಡದೈತ್ರಿ ಅಧ್ಯಕ್ಷರ."

ಕ್ಯಾನನ್ನು ಬದಿಗೆ ಸರಿಸಿ, ಹಿಂದಿನವಳಿಗೆ ಮುಂದೆ ಬಾ ಎಂದು ಕೈ ಮಾಡಿದಳು. ನಾನು ಒಲೆಯ ಕಡೆಗೆ ಓಡಿದೆ. ಒಲೆ ತಾನೇ ಆರಿತ್ತು, ಹೋಳಿಗೆ ಒಂದು ಬದಿ ಅಷ್ಟೇ ಕರ್ರಗೆ ಆಗಿತ್ತು. ಆ ಬದಿಯನ್ನು ಕೆಳಗೆ ಮಾಡಿ ಅಧ್ಯಕ್ಷನಿಗೇ ಬಡಿಸಿದೆ. ಅವನು ಪೂರಾ ತಿಂದ.